5090, 5080, 9070 ಎಕ್ಸ್‌ಟಿ: ಆಟಗಾರನಿಗೆ ಯಾವುದು, ಓವರ್‌ಕ್ಲಾಕರ್‌ಗೆ ಯಾವುದು

2025ರ ಜೂನ್‌ನಲ್ಲಿ ಅಮೆರಿಕದ ಸಾಂಟಾ ಕ್ಲಾರಾದಲ್ಲಿರುವ ಮೈಕ್ರೋ ಸೆಂಟರ್ ಮಳಿಗೆಯಿಂದ ಆರ್‌ಟಿಎಕ್ಸ್ 5090 ಗ್ರಾಫಿಕ್ಸ್ ಕಾರ್ಡ್ ಕೊಂಡ ಗ್ರಾಹಕರೊಬ್ಬರು ಪೆಟ್ಟಿಗೆ ಬಿಚ್ಚಿದರೆ ಒಳಗಿದ್ದದ್ದು ಕಾರ್ಡಲ್ಲ, ಹೆಗಲಿಗೆ ಹಾಕಿಕೊಳ್ಳುವ ಸಣ್ಣ ಚೀಲಗಳು. ಮಳಿಗೆಯವರು ತಮ್ಮಲ್ಲಿದ್ದ ದಾಸ್ತಾನು ತೆಗೆದು ನೋಡಿದಾಗ ಅಂಥ ಪೆಟ್ಟಿಗೆಗಳು 32 ಸಿಕ್ಕವು. ಎರಡು ಸಾವಿರ ಡಾಲರ್ ಬೆಲೆಯ ಸರಕನ್ನು ಕೊಳ್ಳುವವರು ಪೆಟ್ಟಿಗೆ ಬಿಚ್ಚುವ ಕೆಲಸವನ್ನು ಹಬ್ಬದಂತೆ ಅಲ್ಲ, ಪಂಚನಾಮೆಯಂತೆ ನಡೆಸಬೇಕು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಆದರೆ ಪೆಟ್ಟಿಗೆಯೊಳಗೆ ಸರಿಯಾದ ಕಾರ್ಡೇ ಇದ್ದು, ಅದು ನಿಮಗೆ ಸರಿಯಾದ ಕಾರ್ಡ್ ಆಗಿರದಿದ್ದರೆ? ಹೆಚ್ಚಿನವರಿಗೆ ಆಗುವ ತೊಂದರೆ ಇದೇ. ಕಾರ್ಡ್ ಹೊರಗೆ ತೆಗೆದ ಮೇಲೆ ಕ್ಯಾಬಿನೆಟ್ಟಿನ ಗಾಜು ಮುಚ್ಚುವುದಿಲ್ಲ, ಗಣಕಕ್ಕೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನಲ್ಲಿ ಬೇಕಾದ ಕೇಬಲ್ ಇರುವುದಿಲ್ಲ, ಯುಪಿಎಸ್ ಕೀಚಲು ದನಿಯಲ್ಲಿ ಕೂಗತೊಡಗುತ್ತದೆ. ಮಾರುಕಟ್ಟೆಯ ಮೇಲ್ತುದಿಯಲ್ಲಿ ಈಗ ಇರುವ ಆಯ್ಕೆಗಳನ್ನು ಇಲ್ಲಿ ಹೋಲಿಸಿದ್ದೇನೆ. ಸೆಕೆಂಡಿಗೆ ಎಷ್ಟು ಫ್ರೇಮ್ (ಚಿತ್ರ) ಬರುತ್ತದೆ ಎನ್ನುವುದಕ್ಕೆ ಸಾಕಷ್ಟು ಪಟ್ಟಿಗಳಿವೆ. ನನಗೆ ಮುಖ್ಯವೆನಿಸುವುದು ಎಷ್ಟು ವಾಟ್, ಅದು ಯಾವ ದಾರಿಯಿಂದ ಬರುತ್ತದೆ, ಅದರಲ್ಲಿ ನಿಮಗೆ ಆಡಲು ಎಷ್ಟು ಜಾಗ ಉಳಿದಿದೆ ಎನ್ನುವುದು. ಈ ದೃಷ್ಟಿಯಿಂದ ನೋಡಿದರೆ ಆಟಗಾರ ಕೊಳ್ಳಬೇಕಾದ ಕಾರ್ಡೂ ಓವರ್‌ಕ್ಲಾಕರ್, ಅಂದರೆ ಕಾರ್ಖಾನೆ ಇಟ್ಟ ವೇಗಕ್ಕಿಂತ ಹೆಚ್ಚಿಗೆ ಕಾರ್ಡನ್ನು ಓಡಿಸುವ ಹವ್ಯಾಸಿ, ಕೊಳ್ಳಬೇಕಾದ ಕಾರ್ಡೂ ಒಂದೇ ಅಲ್ಲ.

ಕಣದಲ್ಲಿರುವವರು

ಎನ್ವಿಡಿಯಾದ ಆರ್‌ಟಿಎಕ್ಸ್ 5090 ಮತ್ತು 5080 ಎರಡೂ 2025ರ ಜನವರಿ 30ರಂದು ಮಾರಾಟಕ್ಕೆ ಬಂದವು. 5090ರಲ್ಲಿ ಲೆಕ್ಕ ಹಾಕುವ 21,760 ‘ಕೂಡಾ’ (CUDA) ಕೋರ್‌ಗಳು, 512 ಬಿಟ್ ಅಗಲದ ದಾರಿಯಲ್ಲಿ 32 ಜಿಬಿ ಜಿಡಿಡಿಆರ್7 ಮೆಮೊರಿ, 575 ವಾಟ್. 5080ರಲ್ಲಿ 10,752 ಕೋರ್‌ಗಳು, 256 ಬಿಟ್, 16 ಜಿಬಿ, 360 ವಾಟ್. ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಇನ್ನೊಂದರ ಸುಮಾರು ಅರ್ಧ ಎನ್ನುವುದು ಕಾಣುತ್ತದೆ. ಬೆಲೆಯೂ ಹಾಗೆಯೇ: ಭಾರತದಲ್ಲಿ ಘೋಷಿಸಿದ ಆರಂಭಿಕ ಬೆಲೆ 5090ಕ್ಕೆ 2,14,000 ರೂಪಾಯಿ, 5080ಕ್ಕೆ 1,07,000. ಆದರೆ ಆಟದಲ್ಲಿ ವೇಗ ಎರಡು ಪಟ್ಟಾಗುವುದಿಲ್ಲ. 4ಕೆ ಪರದೆಯಲ್ಲಿ 5090 ಹೆಚ್ಚೆಂದರೆ ಒಂದೂವರೆ ಪಟ್ಟಿನ ಆಸುಪಾಸಿನಲ್ಲಿ ನಿಲ್ಲುತ್ತದೆ. ಅದಕ್ಕಿಂತ ಕಡಿಮೆ ಚುಕ್ಕೆಗಳಿರುವ 1440ಪಿ ಪರದೆಯಲ್ಲಿ ಪ್ರೊಸೆಸರ್ ಹಿಂದೆ ಬಿದ್ದು ಆ ಅಂತರವೂ ಕುಗ್ಗುತ್ತದೆ.

ಇವೆರಡರ ಕೆಳಗೆ 300 ವಾಟ್‌ಗಳ 5070 ಟಿಐ ಇದೆ. ಅದೂ 16 ಜಿಬಿ ಕಾರ್ಡೇ. ಎಎಂಡಿಯ ಕಡೆಯಿಂದ ರೇಡಿಯಾನ್ ಆರ್‌ಎಕ್ಸ್ 9070 ಎಕ್ಸ್‌ಟಿ 2025ರ ಮಾರ್ಚ್ 6ರಂದು 599 ಡಾಲರ್ ಬೆಲೆಗೆ ಬಂತು: 16 ಜಿಬಿ ಜಿಡಿಡಿಆರ್6, 304 ವಾಟ್. ಎಎಂಡಿ ಈ ಸಲ ಮೇಲ್ತುದಿಯ ಪೈಪೋಟಿಗೇ ಇಳಿಯಲಿಲ್ಲ, ಹಾಗಾಗಿ 5090ಕ್ಕೆ ಎದುರಾಳಿ ಇಲ್ಲ. ಆದರೂ 9070 ಎಕ್ಸ್‌ಟಿಯನ್ನು ಈ ಪಟ್ಟಿಯಲ್ಲಿ ಇಟ್ಟುಕೊಂಡಿದ್ದೇನೆ. ಕಾರಣ ಮುಂದೆ ಬರುತ್ತದೆ.

ಸೀಲ್ ಒಡೆಯುವಾಗ

ಮೊಬೈಲನ್ನು ಸ್ಟ್ಯಾಂಡಿಗೆ ಸಿಕ್ಕಿಸಿ, ಪೆಟ್ಟಿಗೆಯ ಆರೂ ಮುಖಗಳನ್ನು ತೋರಿಸಿ, ಸೀಲ್ ಒಡೆಯುವುದರಿಂದ ಹಿಡಿದು ಕಾರ್ಡಿನ ಮೇಲಿನ ಸೀರಿಯಲ್ ಸಂಖ್ಯೆ ಓದುವವರೆಗೆ ಒಂದೇ ಓಟದಲ್ಲಿ ವಿಡಿಯೋ ಮಾಡಿ. ನಡುವೆ ಕತ್ತರಿಸಬೇಡಿ. ಆನ್‌ಲೈನ್ ಮಾರಾಟಗಾರರೊಂದಿಗೆ ಜಗಳ ಬಂದರೆ ನಿಮ್ಮ ಕೈಯಲ್ಲಿರುವ ಸಾಕ್ಷಿ ಅದೊಂದೇ. ಪೆಟ್ಟಿಗೆಯ ಮೇಲಿನ ಸಂಖ್ಯೆ, ಕಾರ್ಡಿನ ಮೇಲಿನ ಸಂಖ್ಯೆ, ಜಿಎಸ್‌ಟಿ ಬಿಲ್ಲಿನಲ್ಲಿ ಬರೆದ ಸಂಖ್ಯೆ ಮೂರೂ ಒಂದೇ ಇರಬೇಕು. ಬಿಲ್ಲಿನಲ್ಲಿ ಸೀರಿಯಲ್ ಸಂಖ್ಯೆ ಬರೆಯಲು ಅಂಗಡಿಯವರು ಮೀನಮೇಷ ಎಣಿಸಿದರೆ ಬೇರೆ ಅಂಗಡಿಗೆ ಹೋಗಿ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಳ್ಳುವವರು ಅಂಗಡಿಯ ಕಟ್ಟೆಯ ಮೇಲೇ ಸೀಲ್ ಒಡೆಸಿ ನೋಡುವುದು ಒಳ್ಳೆಯದು. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕಾರ್ಡ್ ಹೊರಬಂದ ಮೇಲೆ ಮೊದಲು ನೋಡಬೇಕಾದದ್ದು ಫ್ಯಾನನ್ನೂ ಅಲ್ಲ, ಬಣ್ಣದ ದೀಪವನ್ನೂ ಅಲ್ಲ. ಮದರ್‌ಬೋರ್ಡಿನ ಸ್ಲಾಟಿಗೆ ಕೂರುವ ಚಿನ್ನದ ಬಣ್ಣದ ಅಂಚಿನಲ್ಲಿ ಗೀರು ಇದೆಯೇ, ಹಿಂಬದಿಯ ಸ್ಕ್ರೂಗಳ ತಲೆ ಸವೆದಿದೆಯೇ, ವಿದ್ಯುತ್ ಸಾಕೆಟ್ಟಿನ ಪಿನ್‌ಗಳು ಒಂದೇ ಎತ್ತರದಲ್ಲಿವೆಯೇ ಎಂದು ನೋಡಿ. ಹೊಸ ಕಾರ್ಡ್ ಎಂದು ಕೊಟ್ಟದ್ದು ಹಿಂದೊಮ್ಮೆ ಯಾರೋ ಹಾಕಿ ತೆಗೆದದ್ದಾದರೆ ಈ ಮೂರರಲ್ಲಿ ಒಂದಾದರೂ ಅದನ್ನು ಹೇಳಿಬಿಡುತ್ತದೆ.

ಒಂದೇ ಚಿಪ್, ಮೂರು ಬಗೆಯ ಪೆಟ್ಟಿಗೆ

5090 ಎಂದು ನಿರ್ಧರಿಸಿದ ಮೇಲೂ ಆಯ್ಕೆ ಮುಗಿಯುವುದಿಲ್ಲ. ಒಂದೇ ಚಿಪ್ ಮೂರು ಬಗೆಯ ಮೈಯಲ್ಲಿ ಬರುತ್ತದೆ.

ಎನ್ವಿಡಿಯಾ ತಾನೇ ರೂಪಿಸಿದ ಫೌಂಡರ್ಸ್ ಎಡಿಷನ್ ಮೊದಲನೆಯದು. ಪೆಟ್ಟಿಗೆ ಮಣ್ಣಿನ ಬಣ್ಣದ ಸಾದಾ ರಟ್ಟಿನದು, ಆಡಂಬರವಿಲ್ಲ. ಜೊತೆಗೆ ನಾಲ್ಕು 8 ಪಿನ್ ಕೇಬಲ್‌ಗಳನ್ನು ಒಂದಾಗಿಸುವ ಅಡಾಪ್ಟರ್ ಇರುತ್ತದೆ. ಕಾರ್ಡ್ ಎತ್ತಿದರೆ ಅಚ್ಚರಿಯಾಗುತ್ತದೆ: 575 ವಾಟ್ ಕುಡಿಯುವ ಯಂತ್ರ ಕೇವಲ ಎರಡು ಸ್ಲಾಟ್ ದಪ್ಪ, 304 ಮಿ.ಮೀ. ಉದ್ದ. ಇದಕ್ಕಾಗಿ ಎನ್ವಿಡಿಯಾ ಸರ್ಕ್ಯೂಟ್ ಬೋರ್ಡನ್ನು ಮೂರು ತುಂಡು ಮಾಡಿ, ಮುಖ್ಯ ತುಂಡನ್ನು ನಡುವೆ ಇಟ್ಟು, ಎರಡು ಬದಿಯ ಫ್ಯಾನ್‌ಗಳ ಗಾಳಿ ಅಡೆತಡೆಯಿಲ್ಲದೆ ಆರಪಾರ ಹೋಗುವಂತೆ ಮಾಡಿದೆ. ಚಿಪ್ಪಿನ ಮೇಲೆ ಶಾಖ ದಾಟಿಸುವ ಪೇಸ್ಟ್ ಬದಲು ದ್ರವಲೋಹವಿದೆ. ಎಂಜಿನಿಯರಿಂಗ್ ದೃಷ್ಟಿಯಿಂದ ಈ ತಲೆಮಾರಿನ ಅತ್ಯಂತ ಸುಂದರ ಕಾರ್ಡ್ ಇದೇ, ಅನುಮಾನ ಬೇಡ. ಆದರೆ ಇಷ್ಟು ತೆಳ್ಳಗಿನ ಮೈಗೆ ಒಂದು ಬೆಲೆ ಇದೆ. ಪೂರ್ತಿ ಹೊರೆಯಲ್ಲಿ ಮೆಮೊರಿಯ ಉಷ್ಣತೆ 90 ಡಿಗ್ರಿ ದಾಟುತ್ತದೆ, ಮತ್ತು ಆರಪಾರ ಬೀಸುವ ಬಿಸಿಗಾಳಿ ನೇರವಾಗಿ ಪ್ರೊಸೆಸರ್‌ನ ಕೂಲರ್ ಮೇಲೆ ಹೋಗುತ್ತದೆ. ದ್ರವಲೋಹವಿರುವ ಕಾರ್ಡನ್ನು ಬಿಚ್ಚಿ ನೀರಿನಿಂದ ತಣಿಸುವ ವಾಟರ್ ಬ್ಲಾಕ್ ಕೂರಿಸುವುದು ನುರಿತ ಕೈಗಳಿಗಷ್ಟೇ ಬಿಡಬೇಕಾದ ಕೆಲಸ. ಒಂದು ಹನಿ ಪಕ್ಕದ ಬಿಡಿಭಾಗದ ಮೇಲೆ ಬಿದ್ದರೆ ಶಾರ್ಟ್ ಆಗುತ್ತದೆ.

ಎರಡನೆಯದು ಆಸುಸ್ ಆಸ್ಟ್ರಲ್, ಎಂಎಸ್‌ಐ ಸುಪ್ರಿಮ್, ಗಿಗಾಬೈಟ್ ಆರಸ್ ಮಾಸ್ಟರ್ ತರಹದ ಭಾರೀ ಗಾಳಿ ಕೂಲರ್‌ಗಳು. ಪೆಟ್ಟಿಗೆಯನ್ನು ಒಂದು ಕೈಯಲ್ಲಿ ಎತ್ತುವ ಸಾಹಸ ಬೇಡ. ಕಾರ್ಡಿನ ಉದ್ದ ಸುಮಾರು 36 ಸೆಂ.ಮೀ., ದಪ್ಪ ಏಳೂವರೆ ಸೆಂ.ಮೀ., ಅಂದರೆ ಹೆಚ್ಚುಕಡಿಮೆ ನಾಲ್ಕು ಸ್ಲಾಟ್. ಆಸ್ಟ್ರಲ್‌ನಲ್ಲಿ ಹಿಂಬದಿಗೂ ಒಂದು ಸೇರಿ ನಾಲ್ಕು ಫ್ಯಾನ್‌ಗಳಿವೆ. ಈ ವರ್ಗದಲ್ಲಿ ಪೆಟ್ಟಿಗೆಯೊಳಗೆ ಕಾರ್ಡನ್ನು ಕೆಳಗಿನಿಂದ ಎತ್ತಿ ಹಿಡಿಯುವ ಊರುಗೋಲು ಇರಬೇಕು, ಇಲ್ಲದಿದ್ದರೆ ಅಂದೇ ಒಂದು ಕೊಂಡುಬನ್ನಿ. ಮೂರು ಕಿಲೋ ಆಸುಪಾಸಿನ ಭಾರ ಒಂದು ಸ್ಲಾಟಿನಿಂದ ನೇತಾಡಿದರೆ ತಿಂಗಳುಗಳಲ್ಲಿ ಬೋರ್ಡ್ ಬಾಗುತ್ತದೆ, ಸ್ಲಾಟಿನ ಕೊಕ್ಕೆಯ ಬಳಿ ಬಿರುಕು ಬಿಡುವುದೂ ಉಂಟು. ಇಂಥ ಬಿರುಕನ್ನು ವಾರಂಟಿಯಲ್ಲಿ ಒಪ್ಪಿಸುವುದು ಬಲು ಕಷ್ಟ. ಅದನ್ನು ‘ಭೌತಿಕ ಹಾನಿ’ ಎಂದು ಬರೆದು ಕಡತ ಮುಚ್ಚುತ್ತಾರೆ.

ಮೂರನೆಯದು ನೀರಿನ ಕೂಲರ್ ಜೋಡಿಸಿಯೇ ಬರುವ ಕಾರ್ಡ್. ಕಾರ್ಡ್ ತೆಳು, ಅದಕ್ಕೆ ಅಂಟಿಕೊಂಡ 360 ಮಿ.ಮೀ. ರೇಡಿಯೇಟರ್ ದೊಡ್ಡದು. ಚಿಪ್ಪಿನ ಉಷ್ಣತೆ ಗಾಳಿ ಕೂಲರ್‌ಗಿಂತ ಸ್ಪಷ್ಟವಾಗಿ ಕೆಳಗಿರುತ್ತದೆ, ಸದ್ದೂ ಕಡಿಮೆ. ಆದರೆ ನಿಮ್ಮ ಪ್ರೊಸೆಸರ್‌ಗೂ ನೀರಿನ ಕೂಲರ್ ಇದ್ದರೆ ಎರಡನೆಯ ರೇಡಿಯೇಟರ್ ಎಲ್ಲಿಡುತ್ತೀರಿ ಎಂದು ಮೊದಲೇ ಅಳೆಯಿರಿ. ಐದಾರು ವರ್ಷಗಳ ಮೇಲೆ ಪಂಪ್ ಕೆಟ್ಟರೆ ಇಡೀ ಕಾರ್ಡ್ ಮೂಲೆಗೆ ಸೇರುತ್ತದೆ. ಫ್ಯಾನ್ ಕೆಟ್ಟರೆ ಹಾಗಲ್ಲ, ಇನ್ನೊಂದು ತಂದು ಹಾಕಬಹುದು. ನನ್ನ ಮಟ್ಟಿಗೆ ಈ ಒಂದು ಕಾರಣವೇ ಸಾಕು ನೀರಿನ ಕೂಲರ್ ಬೇಡವೆನ್ನಲು.

ಹನ್ನೆರಡು ಪಿನ್‌ಗಳ ಸಾಕೆಟ್

ಇನ್ನು ಇಡೀ ಹೋಲಿಕೆಯ ಜೀವಾಳಕ್ಕೆ ಬರೋಣ. 2022ರ ಅಕ್ಟೋಬರ್‌ನಲ್ಲಿ ಎನ್ವಿಡಿಯಾದ ಹಿಂದಿನ ತಲೆಮಾರಿನ 4090 ಬಂದ ಕೆಲವೇ ದಿನಗಳಲ್ಲಿ ಹೊಸ ಬಗೆಯ ವಿದ್ಯುತ್ ಕನೆಕ್ಟರ್‌ಗಳು ಕರಗಿದ ಚಿತ್ರಗಳು ಹೊರಬಿದ್ದವು. ಸುಮಾರು 50 ಪ್ರಕರಣಗಳು ಗಮನಕ್ಕೆ ಬಂದಿವೆ, ಪ್ಲಗ್ ಪೂರ್ತಿ ಒಳಗೆ ಕೂರದಿರುವುದು ಸಾಮಾನ್ಯ ಕಾರಣ ಎಂದು ಆ ನವೆಂಬರ್‌ನಲ್ಲಿ ಎನ್ವಿಡಿಯಾ ಹೇಳಿತು. ನಂತರ 12ವಿ-2x6 ಎಂಬ ಪರಿಷ್ಕೃತ ಸಾಕೆಟ್ ಬಂತು. ಸೂಚನೆ ಕೊಡುವ ನಾಲ್ಕು ಸಣ್ಣ ಪಿನ್‌ಗಳನ್ನು ಗಿಡ್ಡ ಮಾಡಿ, ವಿದ್ಯುತ್ ಒಯ್ಯುವ ಪಿನ್‌ಗಳನ್ನು ಕೊಂಚ ಉದ್ದ ಮಾಡಿದರು. ಪ್ಲಗ್ ಅರೆಬರೆ ಕೂತರೆ ಕಾರ್ಡ್ ಪೂರ್ತಿ ವಿದ್ಯುತ್ ಎಳೆಯಬಾರದು ಎನ್ನುವುದು ಉದ್ದೇಶ.

ಹಾಗಿದ್ದರೂ ಲೆಕ್ಕ ಬಿಗಿಯಾಗಿಯೇ ಉಳಿದಿದೆ. 600 ವಾಟ್ ಎಂದರೆ 12 ವೋಲ್ಟ್‌ನಲ್ಲಿ 50 ಆಂಪಿಯರ್. ಅದನ್ನು ಒಯ್ಯುವುದು ಆರು ತಂತಿಗಳು, ತಂತಿಗೆ ಎಂಟೂ ಚಿಲ್ಲರೆ ಆಂಪಿಯರ್. ಪ್ರತಿ ಪಿನ್ನಿನ ಮಿತಿ ಒಂಬತ್ತು ಚಿಲ್ಲರೆ. ಹಳೆಯ 8 ಪಿನ್ ಕನೆಕ್ಟರ್ ಮೂರು ತಂತಿಗಳಲ್ಲಿ 150 ವಾಟ್ ಒಯ್ಯುತ್ತಿತ್ತು, ಅಂದರೆ ತಂತಿಗೆ ನಾಲ್ಕು ಆಂಪಿಯರ್‌ಗಿಂತ ತುಸು ಹೆಚ್ಚು. ಅದರ ತಾಳಿಕೆ ಆ ಹೊರೆಯ ಸುಮಾರು ಎರಡು ಪಟ್ಟು. ಹೊಸದರಲ್ಲಿ ಆ ಉಳಿಕೆಯೇ ಇಲ್ಲ. ಸಾಲದ್ದಕ್ಕೆ ಅದಕ್ಕೂ ಹಿಂದಿನ 3090 ಟಿಐ ಕಾಲದಲ್ಲಿ ಕಾರ್ಡ್ ಆರು ತಂತಿಗಳನ್ನು ಮೂರು ಜೋಡಿಯಾಗಿ ಪ್ರತ್ಯೇಕ ಅಳೆದು ಹೊರೆ ಹಂಚುತ್ತಿತ್ತು. 4090ರಿಂದೀಚೆಗೆ ಆರೂ ತಂತಿಗಳು ಬೋರ್ಡಿಗೆ ಬಂದೊಡನೆ ಒಂದಾಗಿಬಿಡುತ್ತವೆ. ಪಲ್ಲಕ್ಕಿ ಹೊತ್ತ ಆರು ಮಂದಿಯಲ್ಲಿ ನಾಲ್ವರು ಮೆಲ್ಲನೆ ಹೆಗಲು ತಗ್ಗಿಸಿದರೂ ಒಳಗೆ ಕೂತ ದೇವರಿಗೆ ತಿಳಿಯದಂಥ ಪರಿಸ್ಥಿತಿ ಇದು. 2025ರ ಫೆಬ್ರವರಿಯಲ್ಲಿ ಜರ್ಮನಿಯ ಓವರ್‌ಕ್ಲಾಕರ್ ಡೆರ್‌ಬವರ್ ತನ್ನ 5090ರ ಕೇಬಲ್ ಅಳೆದಾಗ ಒಂದೇ ತಂತಿಯಲ್ಲಿ 20 ಆಂಪಿಯರ್‌ಗೂ ಹೆಚ್ಚು ಹರಿಯುತ್ತಿತ್ತು.

ಇದರಿಂದ ಆಯ್ಕೆಯ ಬಗ್ಗೆ ತಿಳಿಯುವುದೇನು? 5080 ಇದೇ ಸಾಕೆಟ್ಟನ್ನು 360 ವಾಟ್‌ಗೆ ಬಳಸುತ್ತದೆ, ತಂತಿಗೆ ಐದು ಆಂಪಿಯರ್. ಅಲ್ಲಿ ಉಸಿರಾಡಲು ಜಾಗವಿದೆ. 9070 ಎಕ್ಸ್‌ಟಿಯ ಬಹುತೇಕ ಮಾದರಿಗಳಲ್ಲಿ ಹಳೆಯ 8 ಪಿನ್ ಸಾಕೆಟ್‌ಗಳೇ ಇವೆ, ಎರಡು ಅಥವಾ ಮೂರು. ಸಫೈರ್ ನೈಟ್ರೋ ಪ್ಲಸ್, ಎಎಸ್‌ರಾಕ್ ತೈಚಿ ತರಹದ ಕೆಲವು ಮಾದರಿಗಳಲ್ಲಿ ಮಾತ್ರ ಹೊಸ ಸಾಕೆಟ್. ನಿಮ್ಮ ಎಸ್‌ಎಂಪಿಎಸ್ ನಾಲ್ಕೈದು ವರ್ಷ ಹಳೆಯದಾಗಿದ್ದು ಒಳ್ಳೆಯ ಗುಣಮಟ್ಟದ್ದಾಗಿದ್ದರೆ 9070 ಎಕ್ಸ್‌ಟಿಗೆ ಹೊಸದನ್ನು ಕೊಳ್ಳಬೇಕಿಲ್ಲ. ಈ ಉಳಿತಾಯವನ್ನು ಬೆಲೆಪಟ್ಟಿಗಳು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ.

5090 ಕೊಳ್ಳುವವರು ಮಾತ್ರ ಎಟಿಎಕ್ಸ್ 3.1 ಗುಣಮಟ್ಟದ, ಕನಿಷ್ಠ 1000 ವಾಟ್‌ಗಳ ಎಸ್‌ಎಂಪಿಎಸ್ ಖರ್ಚನ್ನೂ ಸೇರಿಸಿಕೊಳ್ಳಬೇಕು. ಪೆಟ್ಟಿಗೆಯಲ್ಲಿ ಬಂದ ನಾಲ್ಕು ಬಾಲಗಳ ಅಡಾಪ್ಟರ್‌ಗಿಂತ ಎಸ್‌ಎಂಪಿಎಸ್ ಜೊತೆಗೇ ಬಂದ ಒಂದೇ ಕೇಬಲ್ ಮೇಲು. ಪ್ಲಗ್ಗನ್ನು ‘ಟಕ್’ ಎನ್ನುವವರೆಗೆ ಒತ್ತಿ, ಎಳೆದು ನೋಡಿ, ಟಾರ್ಚ್ ಹಾಕಿ ಸಂದಿ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳಿ. ಪ್ಲಗ್ಗಿನಿಂದ 35 ಮಿ.ಮೀ. ತನಕ ಕೇಬಲ್ ಬಾಗಬಾರದು. ಬಾಗಿದ ಮೂಲೆಯ ಅಡಾಪ್ಟರ್ ಹಾಕಿ ಜಾಗ ಉಳಿಸುವ ಆಸೆ ಬೇಡ. ಕೇಬಲ್‌ಮಾಡ್ ಕಂಪನಿ 2024ರ ಫೆಬ್ರವರಿಯಲ್ಲಿ ಅಂಥ 25,000ಕ್ಕೂ ಹೆಚ್ಚು ಅಡಾಪ್ಟರ್‌ಗಳನ್ನು ವಾಪಸು ಕರೆಸಿಕೊಂಡಿತು. ಆಸ್ಟ್ರಲ್ ಕಾರ್ಡ್‌ಗಳು ಪ್ರತಿ ಪಿನ್ನಿನ ಆಂಪಿಯರನ್ನೂ ಅಳೆದು ತೋರಿಸುತ್ತವೆ. ಅವು ಹೊರೆ ಹಂಚುವುದಿಲ್ಲ, ಎಚ್ಚರಿಕೆ ಕೊಡುತ್ತವೆ ಅಷ್ಟೇ. ಆದರೂ ದುಬಾರಿ ಮಾದರಿಗೆ ಹೆಚ್ಚು ಹಣ ಕೊಡುವುದಕ್ಕೆ ನಾನು ಒಪ್ಪುವ ಒಂದೇ ಕಾರಣ ಇದು. ಬಣ್ಣದ ದೀಪಗಳಿಗೆ ಅಲ್ಲ.

ಓವರ್‌ಕ್ಲಾಕರ್‌ನ ಲೆಕ್ಕ

ಪೆಟ್ಟಿಗೆಯ ಮೇಲೆ ‘ಓಸಿ’ ಎಂದು ಅಚ್ಚಾಗಿದ್ದರೆ ಕಾರ್ಖಾನೆಯಲ್ಲೇ ವೇಗ ಏರಿಸಿದ್ದಾರೆ ಎಂದು ಅರ್ಥ. ಆ ಏರಿಕೆ ಸಾಮಾನ್ಯವಾಗಿ ನೂರಕ್ಕೆ ಎರಡು ಮೂರರಷ್ಟು, ತಂತ್ರಾಂಶದಲ್ಲಿ ಸ್ಲೈಡರ್ ಎಳೆದು ನೀವೇ ಎರಡು ನಿಮಿಷದಲ್ಲಿ ಮಾಡಬಹುದಾದದ್ದು. ನಿಜವಾದ ಓವರ್‌ಕ್ಲಾಕರ್ ನೋಡಬೇಕಾದದ್ದು ವಿದ್ಯುತ್ ಮಿತಿ ಎಲ್ಲಿಯವರೆಗೆ ಏರುತ್ತದೆ ಎಂಬುದನ್ನು.

5090ರ ಮೂಲ ಮಿತಿ 575 ವಾಟ್. ಸಾಕೆಟ್ಟಿನ ಮಿತಿ 600. ಮೈಮೇಲೆ ಎಷ್ಟೇ ಫ್ಯಾನ್ ಇರಲಿ, ಉಳಿದಿರುವುದು 25 ವಾಟ್, ನೂರಕ್ಕೆ ನಾಲ್ಕು. ಇದೇ ಈ ಕಾರ್ಡಿನ ವಿಪರ್ಯಾಸ. ಜಗತ್ತಿನ ಅತಿ ವೇಗದ ಗೇಮಿಂಗ್ ಕಾರ್ಡ್, ಆದರೆ ಓವರ್‌ಕ್ಲಾಕ್ ಮಾಡುವವನಿಗೆ ಅತಿ ಕಡಿಮೆ ಅವಕಾಶ. ಮಿತಿ ದಾಟಬೇಕೆಂದರೆ ಬೇರೆಯೇ ಜಾತಿಯ ಕಾರ್ಡ್ ಬೇಕು. ಆಸುಸ್ ತಯಾರಿಸಿದ ಮ್ಯಾಟ್ರಿಕ್ಸ್ 5090 ಮದರ್‌ಬೋರ್ಡಿನ ವಿಶೇಷ ಕನೆಕ್ಟರ್ ಮೂಲಕವೂ ವಿದ್ಯುತ್ ಪಡೆದು 800 ವಾಟ್ ತನಕ ಹೋಗುತ್ತದೆ. ಅಂಥದ್ದು ಸಾವಿರ ಮಾತ್ರ ತಯಾರಾಗಿವೆ. ಗ್ಯಾಲಕ್ಸ್ ಕಂಪನಿಯ ಎಚ್‌ಒಎಫ್ ಸರಣಿಯಲ್ಲಿ ಎರಡು ಸಾಕೆಟ್‌ಗಳ ಕಾರ್ಡ್ ಇದೆ. ದಾಖಲೆ ಮುರಿಯುವ ಹುಚ್ಚು ಇರುವವರು ದ್ರವ ಸಾರಜನಕ ಸುರಿದು, ಬೋರ್ಡಿಗೆ ತಂತಿ ಬೆಸೆದು ವೋಲ್ಟೇಜ್ ಏರಿಸುತ್ತಾರೆ. ವಾರಂಟಿಯ ಆಸೆ ಇರುವವರ ದಾರಿ ಅದಲ್ಲ.

5080ರ ಕಥೆ ಬೇರೆ. 360 ವಾಟ್‌ಗಳ ಮೂಲ ಮಿತಿಯ ಮೇಲೆ ಫೌಂಡರ್ಸ್ ಎಡಿಷನ್ 400ರ ತನಕ ಬಿಡುತ್ತದೆ, ಬೇರೆ ಕಂಪನಿಗಳ ಕೆಲವು ಮಾದರಿಗಳು ಅದಕ್ಕೂ ಮೇಲೆ. ಕೋರ್ ವೇಗಕ್ಕೆ 300 ಮೆಗಾಹರ್ಟ್ಸ್ ಆಸುಪಾಸಿನ ಏರಿಕೆಯನ್ನು ಅನೇಕ ಕಾರ್ಡ್‌ಗಳು ತಕರಾರಿಲ್ಲದೆ ಒಪ್ಪಿಕೊಳ್ಳುತ್ತವೆ. ಮೆಮೊರಿಯನ್ನೂ ಸೇರಿಸಿದರೆ ಆಟದಲ್ಲಿ ನೂರಕ್ಕೆ ಹತ್ತರ ಹತ್ತಿರ ಲಾಭ ಸಿಗುತ್ತದೆ. ಈ ಕಾಲದಲ್ಲಿ ಪುಕ್ಕಟೆಯಾಗಿ ಹತ್ತು ಕೊಡುವ ಚಿಪ್ ಅಪರೂಪ. ಎನ್ವಿಡಿಯಾ ಅದನ್ನು ಕಾರ್ಖಾನೆಯಲ್ಲೇ ಯಾಕೆ ಕೊಡಲಿಲ್ಲ ಎಂಬ ಪ್ರಶ್ನೆಗೆ ಉತ್ತರ ಮುಂದಿನ ಮಾದರಿಯ ಜಾಹೀರಾತಿನಲ್ಲಿ ಸಿಗಬಹುದು.

9070 ಎಕ್ಸ್‌ಟಿಯಲ್ಲಿ ಆಟದ ನಿಯಮವೇ ಬೇರೆ. ಅದನ್ನು ಕಟ್ಟಿಹಾಕಿರುವುದು ವಿದ್ಯುತ್ ಮಿತಿ. ಹಾಗಾಗಿ ವೋಲ್ಟೇಜ್ ಇಳಿಸಿದರೆ ಉಳಿದ ವಾಟ್‌ಗಳನ್ನು ಅದು ತಾನಾಗಿ ವೇಗಕ್ಕೆ ಬಳಸಿಕೊಳ್ಳುತ್ತದೆ. ಎಎಂಡಿಯ ಅಡ್ರಿನಲಿನ್ ತಂತ್ರಾಂಶದಲ್ಲೇ ಈ ಸೌಲಭ್ಯವಿದೆ, ಬೇರೆ ಏನನ್ನೂ ಹಾಕಿಕೊಳ್ಳಬೇಕಿಲ್ಲ. 50 ಮಿಲಿವೋಲ್ಟ್ ಇಳಿಸಿ, ವಿದ್ಯುತ್ ಮಿತಿ ನೂರಕ್ಕೆ ಹತ್ತು ಏರಿಸಿ, ಒಂದು ವಾರ ನಿಮ್ಮ ಆಟಗಳನ್ನೇ ಆಡಿ. ವೇಗ ಅಳೆಯುವ ಬೆಂಚ್‌ಮಾರ್ಕ್‌ನಲ್ಲಿ ಗಟ್ಟಿಯಾಗಿ ನಿಂತದ್ದು ಬೆಳಕಿನ ಕಿರಣಗಳನ್ನು ಅನುಕರಿಸುವ ರೇ ಟ್ರೇಸಿಂಗ್ ಇರುವ ಆಟದಲ್ಲಿ ಕುಸಿಯುವುದು ಈ ಕಾರ್ಡಿನಲ್ಲಿ ಸಾಮಾನ್ಯ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಪಟ್ಟಿಯಲ್ಲಿ ಇದನ್ನು ಉಳಿಸಿಕೊಂಡದ್ದು ಇದಕ್ಕೇ.

ಮೆಮೊರಿ ಓವರ್‌ಕ್ಲಾಕ್ ಮಾಡುವವರಿಗೆ ಒಂದು ಮಾತು. ಜಿಡಿಡಿಆರ್7ರಲ್ಲಿ ತಪ್ಪು ಪತ್ತೆಹಚ್ಚಿ ಸರಿಪಡಿಸುವ ವ್ಯವಸ್ಥೆ ಇದೆ. ವೇಗ ಮಿತಿಮೀರಿದಾಗ ಪರದೆಯ ಮೇಲೆ ಚುಕ್ಕೆ, ಗೆರೆ ಕಾಣಿಸಲೇಬೇಕೆಂದಿಲ್ಲ. ಒಳಗೊಳಗೇ ತಿದ್ದುಪಡಿ ನಡೆದು ಬೆಂಚ್‌ಮಾರ್ಕ್ ಅಂಕ ಇಳಿಯುತ್ತದೆ. ಆದ್ದರಿಂದ ಓವರ್‌ಕ್ಲಾಕ್ ಮಾಡುವ ಆಫ್ಟರ್‌ಬರ್ನರ್ ತಂತ್ರಾಂಶದಲ್ಲಿ ಸ್ಲೈಡರ್ ಎಲ್ಲಿಯವರೆಗೆ ಹೋಯಿತು ಎಂದು ಬೀಗಬೇಡಿ. ಪ್ರತಿ ಹಂತದಲ್ಲೂ ಅಂಕ ಏರಿತೇ ಎಂದು ನೋಡಿ, ಇಳಿಯತೊಡಗಿದ ಕಡೆಯಿಂದ ಎರಡು ಹೆಜ್ಜೆ ಹಿಂದೆ ಬನ್ನಿ.

ಮೊದಲ ಸಂಜೆ

ಕಾರ್ಡ್ ಕೂರಿಸಿ ಡ್ರೈವರ್ ಹಾಕಿದ ಮೇಲೆ ಆಟ ತೆರೆಯುವ ಮುನ್ನ ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆಯಿರಿ. ಅಲ್ಲಿ ಆರ್‌ಒಪಿ ಎಂಬ ಅಂಕಿ ಇರುತ್ತದೆ, ಚಿತ್ರದ ಚುಕ್ಕೆಗಳಿಗೆ ಅಂತಿಮ ರೂಪ ಕೊಡುವ ಘಟಕಗಳ ಸಂಖ್ಯೆ ಅದು. 5090ರಲ್ಲಿ ಅದು 176, 5080ರಲ್ಲಿ 112, 5070 ಟಿಐನಲ್ಲಿ 96 ಇರಲೇಬೇಕು. 2025ರ ಫೆಬ್ರವರಿಯಲ್ಲಿ ಎಂಟು ಕಡಿಮೆ ಇರುವ ಕಾರ್ಡ್‌ಗಳು ಹೊರಬಂದಿರುವುದು ಬಯಲಾಯಿತು. ಸುಮಾರು ಇನ್ನೂರಕ್ಕೆ ಒಂದು ಕಾರ್ಡಿನಲ್ಲಿ ಈ ದೋಷವಿದೆ, ಸರಾಸರಿ ನೂರಕ್ಕೆ ನಾಲ್ಕರಷ್ಟು ವೇಗ ತಗ್ಗುತ್ತದೆ, ಬದಲಾಯಿಸಿಕೊಡುತ್ತೇವೆ ಎಂದು ಎನ್ವಿಡಿಯಾ ಒಪ್ಪಿಕೊಂಡಿತು. ಹಳೆಯ ದಾಸ್ತಾನಿನ ಕಾರ್ಡ್ ಎಲ್ಲೋ ಒಂದು ಗೋದಾಮಿನಲ್ಲಿ ಇರಬಹುದು, ಎರಡು ಕ್ಷಣದ ಪರೀಕ್ಷೆಗೆ ಸೋಮಾರಿತನ ಬೇಡ. ಅದೇ ಪುಟದಲ್ಲಿ ಸ್ಲಾಟಿನ ಸಂಪರ್ಕ 16 ಪಟ್ಟಿಗಳದ್ದೇ ಎಂದೂ ನೋಡಿ. ಎಂಟು ಎಂದು ತೋರಿಸಿದರೆ ಕಾರ್ಡ್ ಸರಿಯಾಗಿ ಕೂತಿಲ್ಲ, ಇಲ್ಲವೇ ನಿಮ್ಮ ಮದರ್‌ಬೋರ್ಡಿನಲ್ಲಿ ಎಂ.2 ಎಸ್‌ಎಸ್‌ಡಿ ಅದರ ಪಾಲನ್ನು ಕಿತ್ತುಕೊಂಡಿದೆ. ಕಾರ್ಡನ್ನು ಸ್ಲಾಟಿನಿಂದ ದೂರ ಇಡಲು ಹಳೆಯ ರೈಸರ್ ಕೇಬಲ್ ಬಳಸುವವರಿಗೆ ಪರದೆ ಕಪ್ಪಾದರೆ ಮದರ್‌ಬೋರ್ಡಿನ ಬಯಾಸ್ ಸೆಟ್ಟಿಂಗ್‌ನಲ್ಲಿ ಸ್ಲಾಟನ್ನು ಪಿಸಿಐಇ ನಾಲ್ಕನೆಯ ತಲೆಮಾರಿಗೆ ಇಳಿಸಿ. ಆಟದಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ.

ಎನ್ವಿಡಿಯಾ ಈ ತಲೆಮಾರಿನಲ್ಲಿ ಚಿಪ್ಪಿನ ಅತಿ ಬಿಸಿ ಬಿಂದುವಿನ ಉಷ್ಣತೆಯನ್ನು ತೋರಿಸುವುದನ್ನೇ ನಿಲ್ಲಿಸಿದೆ. ಪೇಸ್ಟ್ ಸರಿಯಾಗಿ ಹರಡಿಲ್ಲದಿದ್ದರೆ ಮೊದಲು ಗೊತ್ತಾಗುತ್ತಿದ್ದದ್ದು ಆ ಅಂಕಿಯಿಂದಲೇ. ರೇಡಿಯಾನ್‌ನಲ್ಲಿ ಅದು ಈಗಲೂ ಕಾಣುತ್ತದೆ. ಕುಶಲ ಬಳಕೆದಾರರ ಕೈಯಿಂದ ಉಪಕರಣ ಕಿತ್ತುಕೊಳ್ಳುವ ಈ ಚಾಳಿ ನನಗೆ ಹಿಡಿಸಿಲ್ಲ.

ಇನ್ನು ಕಾಯಿಲ್‌ಗಳ ಕೀರಲು ಸದ್ದು. ಫ್ರೇಮ್ ದರ ನೂರಾರಕ್ಕೆ ಏರಿದಾಗ ಕೇಳುವ ಈ ಸದ್ದು ದೋಷವಲ್ಲ ಎಂದೇ ಕಂಪನಿಗಳು ವಾದಿಸುತ್ತವೆ. ಅಂಗಡಿಯವರ ವಾಪಸಾತಿ ಅವಧಿ ಮುಗಿಯುವ ಮೊದಲೇ ಕೇಳಿಸಿಕೊಂಡು ತೀರ್ಮಾನಿಸಿ.

ಮನೆಯ ಕರೆಂಟು, ಮನೆಯ ಸೆಕೆ

ವಿದೇಶದ ವಿಮರ್ಶಕರು 20-25 ಡಿಗ್ರಿಯ ಕೋಣೆಯಲ್ಲಿ ಅಳೆದ ಉಷ್ಣತೆಯನ್ನು ಕಲಬುರಗಿ, ರಾಯಚೂರಿನ ಮೇ ತಿಂಗಳಿಗೆ ಹಾಗೆಯೇ ತಂದುಕೊಳ್ಳಬೇಡಿ. ಕೋಣೆ 35 ಡಿಗ್ರಿ ಇದ್ದರೆ ಕಾರ್ಡೂ ಹತ್ತು ಹನ್ನೆರಡು ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ, ಇಲ್ಲವೇ ಫ್ಯಾನ್ ಅಷ್ಟು ಹೆಚ್ಚು ಅರಚುತ್ತದೆ. ಎ.ಸಿ. ಇಲ್ಲದ ಕೋಣೆಗೆ ಎರಡು ಸ್ಲಾಟಿನ ಫೌಂಡರ್ಸ್ 5090 ತರಬೇಡಿ, ದಪ್ಪ ಕೂಲರ್ ಇರುವುದನ್ನೇ ತನ್ನಿ. 5090 ಪೂರ್ತಿ ಹೊರೆಯಲ್ಲಿ ದಿನಕ್ಕೆ ನಾಲ್ಕು ಗಂಟೆ ಓಡಿದರೆ ಕಾರ್ಡೊಂದೇ 2.3 ಯೂನಿಟ್ ಉಣ್ಣುತ್ತದೆ, ಅಷ್ಟೂ ಶಾಖವಾಗಿ ಅದೇ ಕೋಣೆಯಲ್ಲಿ ಉಳಿಯುತ್ತದೆ.

ಇದಕ್ಕೆ ಮದ್ದು ಇದೆ. ವಿದ್ಯುತ್ ಮಿತಿಯನ್ನು ನೂರಕ್ಕೆ 80ಕ್ಕೆ ಇಳಿಸಿದರೆ 5090 460 ವಾಟ್‌ನಲ್ಲಿ ನಿಲ್ಲುತ್ತದೆ, ವೇಗ ಕಳೆದುಕೊಳ್ಳುವುದು ನೂರಕ್ಕೆ ಹತ್ತಕ್ಕಿಂತ ಕಡಿಮೆ, ತಂತಿಯ ಹೊರೆಯೂ ಆರೂವರೆ ಆಂಪಿಯರ್‌ಗೆ ಇಳಿಯುತ್ತದೆ. ಕೇವಲ ಆಟ ಆಡುವವರು ಈ ಕಾರ್ಡನ್ನು ಹೀಗೇ ಬಳಸಬೇಕು ಎನ್ನುವುದು ನನ್ನ ಅಭಿಪ್ರಾಯ.

ಸಾಮಾನ್ಯವಾಗಿ ಮನೆಗಳಲ್ಲಿರುವ 600 ವಿಎ ಯುಪಿಎಸ್ ಕೊಡುವುದು 360 ವಾಟ್. ಆಟದ ನಡುವೆ ಕರೆಂಟು ಹೋದರೆ 5080 ಇರುವ ಗಣಕವನ್ನೂ ಅದು ಹಿಡಿದಿಡಲಾರದು. 5090ಕ್ಕೆ 1500 ವಿಎ ಮೇಲಿನದು, ಅದೂ ಸೈನ್ ವೇವ್ ಇರುವಂಥದ್ದು ಬೇಕು. ಮನೆಯ ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುವ ಮನೆಗೆ ಎರಡು ಲಕ್ಷದ ಕಾರ್ಡ್ ತರುವುದು ಜಾಣತನವಲ್ಲ.

ಅಮೆರಿಕದಿಂದ ತರಿಸಲೇ?

ಅಣ್ಣನೋ ಗೆಳತಿಯೋ ಅಮೆರಿಕದಲ್ಲಿದ್ದರೆ ಈ ಆಲೋಚನೆ ಬಂದೇ ಬರುತ್ತದೆ. ಲೆಕ್ಕ ಹಾಕೋಣ. 5090ರ ಘೋಷಿತ ಬೆಲೆ 1,999 ಡಾಲರ್. ಬಿಡುಗಡೆಯ ಹೊತ್ತಿನಲ್ಲಿ ಡಾಲರ್ 86 ರೂಪಾಯಿ ಚಿಲ್ಲರೆ ಇತ್ತು, ಅಂದರೆ 1.73 ಲಕ್ಷದ ಆಸುಪಾಸು, ಅಲ್ಲಿನ ರಾಜ್ಯದ ತೆರಿಗೆ ಬೇರೆ. ನಮ್ಮ 2,14,000ದಲ್ಲಿ ಶೇಕಡಾ 18 ಜಿಎಸ್‌ಟಿ ಸೇರಿದೆ, ಅದನ್ನು ತೆಗೆದರೆ ಉಳಿಯುವುದು 1.81 ಲಕ್ಷ. ಅಂತರ ಹತ್ತು ಸಾವಿರದೊಳಗೆ. ಅದಕ್ಕಾಗಿ ಕಸ್ಟಮ್ಸ್ ಮುಂದೆ ನಿಲ್ಲುವುದು, ಇಲ್ಲಿ ವಾರಂಟಿ ಸಿಗದೆ ಕಾರ್ಡನ್ನು ಮತ್ತೆ ಸಾಗರದಾಚೆ ಕಳಿಸುವುದು ಯಾರಿಗೆ ಬೇಕು? ಅಂಗಡಿಯ ಬೆಲೆ ಘೋಷಿತ ಬೆಲೆಗಿಂತ ಬಹಳ ಮೇಲಿರುವ ಕೊರತೆಯ ಕಾಲದಲ್ಲಿ ಮಾತ್ರ ಈ ಲೆಕ್ಕ ಬದಲಾಗುತ್ತದೆ. ಆದರೆ ಕೊರತೆ ಬಂದಾಗ ಅಮೆರಿಕದಲ್ಲೂ ಘೋಷಿತ ಬೆಲೆಗೆ ಸಿಗುವುದಿಲ್ಲ.

ಯಾರಿಗೆ ಯಾವುದು ಎಂದು ನೇರವಾಗಿ ಕೇಳಿದರೆ: 4ಕೆ, 240 ಹರ್ಟ್ಸ್ ಪರದೆ ಈಗಾಗಲೇ ಮೇಜಿನ ಮೇಲಿದ್ದು, ಹೊಸ ಎಸ್‌ಎಂಪಿಎಸ್ ಮತ್ತು ಯುಪಿಎಸ್ ಖರ್ಚು ಭಾರವೆನಿಸದ ಆಟಗಾರನಿಗೆ 5090, ಪಿನ್ ಅಳೆಯುವ ದಪ್ಪ ಮಾದರಿ. ಸ್ಲೈಡರ್ ಎಳೆಯುವುದರಲ್ಲೇ ಸುಖ ಕಾಣುವವರಿಗೆ 5080, ವಿದ್ಯುತ್ ಮಿತಿ ಹೆಚ್ಚಿರುವ, ಕಾರ್ಡಿನೊಳಗೇ ಅದನ್ನು ನಡೆಸುವ ತಂತ್ರಾಂಶದ (ಬಯಾಸ್) ಎರಡು ಪ್ರತಿಗಳಿರುವ ಮಾದರಿ. ಒಂದು ಬಯಾಸ್ ಕೆಟ್ಟರೂ ಸ್ವಿಚ್ ಸರಿಸಿ ಎದ್ದು ನಿಲ್ಲಬಹುದು. 1440ಪಿ ಪರದೆಯ ಮುಂದೆ ಕೂರುವವರು, ಹಳೆಯ ಎಸ್‌ಎಂಪಿಎಸ್ ಉಳಿಸಿಕೊಳ್ಳಲು ಬಯಸುವವರು, ಈಗಷ್ಟೇ ಓವರ್‌ಕ್ಲಾಕಿಂಗ್ ಕಲಿಯುವವರು 9070 ಎಕ್ಸ್‌ಟಿ ಕೊಳ್ಳಲಿ. 5070 ಟಿಐ ಒಳ್ಳೆಯ ಕಾರ್ಡೇ. ಕಡಿಮೆ ಚುಕ್ಕೆಗಳ ಚಿತ್ರವನ್ನು ಹಿಗ್ಗಿಸಿ ವೇಗ ಏರಿಸುವ ಎನ್ವಿಡಿಯಾದ ಡಿಎಲ್‌ಎಸ್‌ಎಸ್ ಬೇಕೇ ಬೇಕು ಎನ್ನುವವರಿಗೆ ಅದು, ಉಳಿದವರಿಗೆ ಆ ಹೆಚ್ಚುವರಿ ಹಣದ ಅಗತ್ಯವಿಲ್ಲ.

ಹಳೆಯ 4090 ಸಿಕ್ಕರೆ

4ಕೆ ಆಟಗಳಲ್ಲಿ 4090 ಇಂದಿಗೂ 5080ಯನ್ನು ಹಿಂದಿಕ್ಕುತ್ತದೆ, ಮೆಮೊರಿಯೂ 24 ಜಿಬಿ. ಬೆಲೆ ಹೊಂದಿದರೆ ಬೇಡವೆನ್ನಲು ಕಾರಣವಿಲ್ಲ. ಆದರೆ ಚಿಪ್ ಮತ್ತು ಮೆಮೊರಿಯನ್ನು ಕಿತ್ತು ಬೇರೆಡೆ ಮಾರಿ, ಖಾಲಿ ಬೋರ್ಡಿಗೆ ಕೂಲರ್ ಮುಚ್ಚಿ ಮಾರಿದ 4090ಗಳು ಹಲವು ದೇಶಗಳ ದುರಸ್ತಿಗಾರರ ಮೇಜಿಗೆ ಬಂದಿವೆ. ಹಾಗಾಗಿ ಕಾರ್ಡ್ ಮಾತ್ರ ಕೈಗಿಟ್ಟು ‘ಚೆನ್ನಾಗಿದೆ ಸಾರ್’ ಎನ್ನುವವರಿಂದ ಕೊಳ್ಳಬೇಡಿ. ಮಾರುವವರ ಗಣಕದಲ್ಲೇ ಅರ್ಧ ಗಂಟೆ 3ಡಿಮಾರ್ಕ್ ಸ್ಟ್ರೆಸ್ ಪರೀಕ್ಷೆ ಓಡಿಸಿ, ಫ್ರೇಮ್ ಸ್ಥಿರತೆ ಶೇಕಡಾ 97 ದಾಟುತ್ತದೆಯೇ ನೋಡಿ. ಆಮೇಲೆ ಯಂತ್ರ ಆರಿಸಿ, ವಿದ್ಯುತ್ ಪ್ಲಗ್ ತೆಗೆಸಿ, ಸಾಕೆಟ್ಟಿನ ಪ್ಲಾಸ್ಟಿಕ್ ಕಂದು ತಿರುಗಿದೆಯೇ ಎಂದು ಟಾರ್ಚ್ ಹಾಕಿ ಇಣುಕಿ. ಮೂಲ ಬಿಲ್ ಇದ್ದರೆ ಅದರ ತಾರೀಕು ನೋಡಿ ವಾರಂಟಿ ಎಷ್ಟು ಉಳಿದಿದೆ ಎಂದು ಎಣಿಸಿ. ಬಹುತೇಕ ಕಂಪನಿಗಳು ಕೊಡುವುದು ಮೂರು ವರ್ಷ, ಮತ್ತು 4090 ಮಾರುಕಟ್ಟೆಗೆ ಬಂದದ್ದು 2022ರ ಅಕ್ಟೋಬರ್‌ನಲ್ಲಿ.